ಮತ್ತೆ ಮತ್ತೆ ಇಲ್ಲೇ ಏಕೆ?

2024ರ ದೀಪಾವಳಿ ಹೊಸ್ತಿಲಲ್ಲಿ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕನ್ನ ಹಾಕಿದವರು 17 ಕೆ.ಜಿ.ಗೂ ಹೆಚ್ಚು ಚಿನ್ನ ಹೊತ್ತೊಯ್ದರು. ಗ್ಯಾಸ್ ಕಟರ್‌ನಿಂದ ಲಾಕರ್ ಕೊಯ್ದು, ಸುಳಿವು ಸಿಗದಿರಲೆಂದು ಒಳಗೆಲ್ಲ ಖಾರದ ಪುಡಿ ಎರಚಿ ಹೋಗಿದ್ದರು. ಐದು ತಿಂಗಳ ನಂತರ ಆರು ಮಂದಿ ಸಿಕ್ಕಿಬಿದ್ದರು. ಚಿನ್ನದ ದೊಡ್ಡ ಪಾಲು ತಮಿಳುನಾಡಿನ ಉಸಿಲಂಪಟ್ಟಿ ಬಳಿಯ ಬಾವಿಯೊಂದರಿಂದ ಮೇಲೆ ಬಂತು. ಬ್ಯಾಂಕ್ ಸಾಲ ಕೊಡಲಿಲ್ಲವೆಂಬ ಸಿಟ್ಟು, ಟಿ.ವಿ. ಸರಣಿ ನೋಡಿ ಕಲಿತ ತಂತ್ರ ಎಂದೆಲ್ಲ ಪೊಲೀಸರು ಹೇಳಿದ ಕಥೆ ದೇಶದ ತುಂಬ ಸುದ್ದಿಯಾಯಿತು. ಕಳ್ಳರ ಬಗ್ಗೆ ಎಲ್ಲರೂ ಮಾತಾಡಿದರು. ಆ ಚಿನ್ನ ಅಲ್ಲಿಗೆ ಬಂದದ್ದು ಹೇಗೆ ಎಂದು ಕೇಳಿದವರು ಕಡಿಮೆ.

ಅದು ಅಡವಿಟ್ಟ ಚಿನ್ನ. ಮೆಕ್ಕೆಜೋಳದ ಬೀಜಕ್ಕೆ, ಗೊಬ್ಬರಕ್ಕೆ, ಮಗಳ ಕಾಲೇಜು ಫೀಜಿಗೆ, ಬತ್ತಿದ ಬೋರಿನ ಪಕ್ಕ ಇನ್ನೊಂದು ಬೋರಿಗೆ ಎಂದು ಸುತ್ತಲಿನ ಹಳ್ಳಿಗಳವರು ಇಟ್ಟ ಸರ, ಬಳೆ, ಓಲೆ. ಚಿನ್ನದ ಸಾಲ ಎಂದರೆ ಸಂಕಟದ ಸಾಲವೇ ಆಗಬೇಕೆಂದಿಲ್ಲ. ಬೇರೆ ಸಾಲಕ್ಕಿಂತ ಅದು ಬೇಗ ಸಿಗುತ್ತದೆ, ಬಡ್ಡಿಯೂ ಕಡಿಮೆ. ಆದರೂ 2018ರಲ್ಲಷ್ಟೇ ತಾಲ್ಲೂಕು ಕೇಂದ್ರವಾದ ಪುಟ್ಟ ಪಟ್ಟಣದ ಒಂದೇ ಶಾಖೆಯಲ್ಲಿ ಹದಿನೇಳು ಕಿಲೋ ಚಿನ್ನ ಒತ್ತೆ ಬಿದ್ದಿತ್ತು ಎಂಬುದು ಈ ಸೀಮೆಯ ಬೇಸಾಯದ ಬಗ್ಗೆ ಬಹಳ ಹೇಳುತ್ತದೆ. ಇಲ್ಲಿ ಬೆಳೆ ನಡೆಯುವುದು ಮನೆಯ ಹೆಂಗಸರ ಕೊರಳಿನ ಭರವಸೆಯ ಮೇಲೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಕಳೆದ ಹದಿನೈದು ವರ್ಷಗಳ ಪತ್ರಿಕೆಗಳನ್ನು ತಿರುವಿ ಹಾಕಿದರೆ ಇವುಗಳ ಹೆಸರು ಬರುವುದು ಬಹುತೇಕ ಒಂದಲ್ಲ ಒಂದು ತಾಪತ್ರಯದ ಸುದ್ದಿಯಲ್ಲಿ. ಬರ, ನೆರೆ, ನಾಲೆ ನೀರಿನ ಜಗಳ, ಬೆಲೆ ಕುಸಿತ, ರೆಸಾರ್ಟ್ ರಾಜಕೀಯ, ಠಾಣೆಗೆ ಕಲ್ಲು, ಮರಳಿನ ಗಲಾಟೆ. ಮಳೆ ಕೈಕೊಟ್ಟಿತು, ಜನ ಸರಿಯಿಲ್ಲ, ಶಾಸಕ ಸರಿಯಿಲ್ಲ ಎಂಬ ಮೂರು ಕಾರಣಗಳು ಕಟ್ಟೆ ಮೇಲೆ ಯಾವಾಗಲೂ ಸಿಗುತ್ತವೆ. ಮೂರನ್ನೂ ಲೆಕ್ಕ ಹಾಕಿ ನೋಡಿದರೆ ಒಂದೂ ಪೂರ್ತಿ ನಿಲ್ಲುವುದಿಲ್ಲ.

ಮಳೆಯಿಂದಲೇ ಶುರು ಮಾಡೋಣ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆಂದು 2000ದಲ್ಲಿ ರಚನೆಯಾದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳನ್ನು 35 ಮಾನದಂಡಗಳಲ್ಲಿ ಅಳೆದು, 114 ತಾಲ್ಲೂಕುಗಳು ಹಿಂದುಳಿದಿವೆ ಎಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ದಾವಣಗೆರೆ ಜಿಲ್ಲೆಯಿಂದ 'ಅತ್ಯಂತ ಹಿಂದುಳಿದ' ಪಟ್ಟಿಗೆ ಸೇರಿದ್ದು ಎರಡು: ಹರಪನಹಳ್ಳಿ ಮತ್ತು ಚನ್ನಗಿರಿ. ಜಗಳೂರು ಮತ್ತು ಅಂದು ನ್ಯಾಮತಿಯನ್ನೂ ಒಳಗೊಂಡಿದ್ದ ಹೊನ್ನಾಳಿ ಒಂದು ಮೆಟ್ಟಿಲು ಮೇಲಿದ್ದವು.

ಇದನ್ನು ಮೊದಲ ಸಲ ಓದುವವರು ಅಚ್ಚಿನ ದೋಷವೆಂದೇ ತಿಳಿಯುತ್ತಾರೆ. ಜಗಳೂರು ಬರಕ್ಕೆ ಇನ್ನೊಂದು ಹೆಸರು. ಚನ್ನಗಿರಿಯಲ್ಲಿ ಸೂಳೆಕೆರೆ ಇದೆ, ಭದ್ರಾ ಬಲದಂಡೆ ನಾಲೆ ಇದೆ, ಕಣ್ಣು ಹಾಯಿಸಿದಷ್ಟು ದೂರ ಅಡಿಕೆ ತೋಟ ಇದೆ. ಶಾಂತಿಸಾಗರ ಎಂದೂ ಕರೆಯುವ ಸೂಳೆಕೆರೆ ನಮ್ಮ ನಾಡಿನ ಹಳೆಯ ಎಂಜಿನಿಯರಿಂಗ್ ಜಾಣ್ಮೆಗೆ ದೊಡ್ಡ ಸಾಕ್ಷಿ. ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡ ಕಟ್ಟಿದ ಏರಿ ಸಾವಿರ ಅಡಿಯೂ ಇಲ್ಲ, ಹಿಂದೆ ನಿಲ್ಲುವ ನೀರಿನ ಹರವು ಸುಮಾರು 6,550 ಎಕರೆ. ಸಿದ್ಧನಾಲೆ, ಬಸವನಾಲೆಗಳು ಅಚ್ಚುಕಟ್ಟಿಗೆ ನೀರು ಹರಿಸುತ್ತವೆ. ಚಿತ್ರದುರ್ಗ ಪಟ್ಟಣ ಕುಡಿಯುವುದೂ ಇದೇ ನೀರನ್ನು. ಇಷ್ಟೆಲ್ಲ ಇದ್ದೂ ರಸ್ತೆ, ಶಾಲೆ, ಆಸ್ಪತ್ರೆ, ಬ್ಯಾಂಕು, ಸಾಕ್ಷರತೆ ಎಲ್ಲ ಸೇರಿಸಿ ತೂಗಿದಾಗ ತಾಲ್ಲೂಕು ತಳ ಸೇರಿತು. ನೀರು ಕೊಟ್ಟರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ಐವತ್ತು ವರ್ಷ ನಂಬಿದ ನಮ್ಮ ಸರ್ಕಾರಗಳಿಗೆ ಆ ಪಟ್ಟಿಯ ಚನ್ನಗಿರಿ ಎಂಬ ಒಂದು ಸಾಲು ಸಾಕಿತ್ತು.

ವರದಿಯ ನಂತರ ಏನಾಯಿತು? ವಿಶೇಷ ಅಭಿವೃದ್ಧಿ ಯೋಜನೆ ಬಂತು. ಎಂಟು ವರ್ಷಗಳಿಗೆ 31 ಸಾವಿರ ಕೋಟಿ ರೂಪಾಯಿ ಎಂದು ಸಮಿತಿ ಹೇಳಿದ ಲೆಕ್ಕ 2007–08ರಿಂದ ರಾಜ್ಯ ಬಜೆಟ್‌ಗಳಲ್ಲಿ ತುಂಡು ತುಂಡಾಗಿ ಹಂಚಿಹೋಯಿತು. ಇಪ್ಪತ್ತು ವರ್ಷ ದಾಟಿದ ಮೇಲೆ, 2024ರಲ್ಲಿ, ಇದೇ ವಿಷಯಕ್ಕೆ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿ ಬಂತು. ಹಳೆಯ ರೋಗಕ್ಕೆ ಹೊಸ ವೈದ್ಯ ಸರಿಯೇ. ಹಳೆಯ ಚೀಟಿಯ ಔಷಧ ಕೊಟ್ಟಿದ್ದೆವೋ ಇಲ್ಲವೋ ಎಂಬುದನ್ನು ಮೊದಲು ನೋಡಬೇಕಿತ್ತು.

ಈ ಸೀಮೆಯಲ್ಲಿ ಪ್ರತಿ ಬಿಕ್ಕಟ್ಟಿಗೂ ಪರಿಹಾರ ಸಿಕ್ಕಿದೆ. ಆ ಪರಿಹಾರವೇ ಮುಂದಿನ ಬಿಕ್ಕಟ್ಟಿಗೆ ಬುನಾದಿಯಾಗಿದೆ ಎಂಬುದು ನನ್ನ ವಾದ. ಚನ್ನಗಿರಿಯ ಅಡಿಕೆಗಿಂತ ಇದಕ್ಕೆ ಒಳ್ಳೆಯ ಉದಾಹರಣೆ ಬೇಡ.

ಭದ್ರಾ ಜಲಾಶಯದ ಅಚ್ಚುಕಟ್ಟು ಸುಮಾರು 1,05,000 ಹೆಕ್ಟೇರ್. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ ಕಾಲದಲ್ಲಿ ಈ ನೀರಿಗೆ ಎಷ್ಟು ಭತ್ತ, ಎಷ್ಟು ಅರೆ ನೀರಾವರಿ ಬೆಳೆ ಎಂಬ ಲೆಕ್ಕವಿತ್ತು. ರೈತ ಮೊದಲು ಬೆದ್ದಲನ್ನು ಗದ್ದೆ ಮಾಡಿದ. ಭತ್ತದ ಬೆಲೆ ಕೈಕಚ್ಚಿದಾಗ ಗದ್ದೆಯನ್ನು ತೋಟ ಮಾಡಿದ. ತಪ್ಪೇನಿಲ್ಲ. ಭತ್ತಕ್ಕೆ ಆಳು ಸಿಗುವುದಿಲ್ಲ, ಅಡಿಕೆಗೆ ಚೇಣಿದಾರ ಮನೆ ಬಾಗಿಲಿಗೇ ಬಂದು ಮುಂಗಡ ಕೊಡುತ್ತಾನೆ. 2014ರ ಸುಮಾರಿಗೆ ರಾಶಿ ಅಡಿಕೆ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿದಾಗ ಇಡೀ ತಾಲ್ಲೂಕು ಸಸಿ ನೆಟ್ಟಿತು. ಕೆರೆಯ ಕೆಳಗಿನ ಜಮೀನು ಮುಗಿದ ಮೇಲೆ ಗುಡ್ಡದ ಇಳಿಜಾರಿಗೂ ಅಡಿಕೆ ಹತ್ತಿತು, ಅದಕ್ಕೆ ನೀರು ಭೂಮಿಯ ಹೊಟ್ಟೆಯಿಂದ ಬಂತು. ತುಮ್ಕೋಸ್‌ನಂಥ ಸಹಕಾರ ಸಂಘ ಬೆಳೆದು ನಿಂತದ್ದು ಈ ಅಡಿಕೆಯ ಮೇಲೆ. ಚನ್ನಗಿರಿ ಪೇಟೆಯ ಬಂಗಾರದಂಗಡಿ, ಕಾರ್ ಶೋರೂಂ, ಮದುವೆ ಮಂಟಪ ಎಲ್ಲವೂ ಇದರ ಮೇಲೆ.

ಭತ್ತಕ್ಕೂ ಅಡಿಕೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬರ ಬಂದ ವರ್ಷ ಭತ್ತದ ಗದ್ದೆಯನ್ನು ಬೀಳು ಬಿಡಬಹುದು. ತೋಟವನ್ನು ಬೀಳು ಬಿಡಲಾಗದು. ಫಸಲಿಗೆ ಐದಾರು ವರ್ಷ ಕಾದು ಬೆಳೆಸಿದ ಮರ ಒಂದು ಬೇಸಿಗೆ ನೀರಿಲ್ಲದೆ ಸುಳಿ ಒಣಗಿಸಿಕೊಂಡರೆ ಹೋದದ್ದು ಒಂದು ವರ್ಷದ ಬೆಳೆಯಷ್ಟೇ ಅಲ್ಲ, ಮುಂದಿನ ದಶಕದ ಬದುಕು. ಆದ್ದರಿಂದಲೇ 2024ರ ಬೇಸಿಗೆಯಲ್ಲಿ ಚನ್ನಗಿರಿಯ ರಸ್ತೆಗಳಲ್ಲಿ ಟ್ಯಾಂಕರ್‌ಗಳ ಸಾಲು. ದುಡ್ಡು ಕೊಟ್ಟು ನೀರು ಕೊಂಡು ಮರದ ಬುಡಕ್ಕೆ ಸುರಿದರು. ಬೋರು ಕೊರೆಸಿದರು, ಬತ್ತಿತು, ಮತ್ತೆ ಕೊರೆಸಿದರು. ಬರ ಹಿಂದೆಯೂ ಬರುತ್ತಿತ್ತು, ಆಗ ಅದು ಬೆಳೆಯನ್ನು ಮಾತ್ರ ಒಯ್ಯುತ್ತಿತ್ತು. ಈಗ ಬಂಡವಾಳವನ್ನೇ ಒಯ್ಯುತ್ತದೆ.

ಬೆಲೆಯ ಕಡೆಯೂ ಅಷ್ಟೇ. ಒಂದೇ ಬೆಳೆಗೆ ಜೋತುಬಿದ್ದ ತಾಲ್ಲೂಕಿನ ಸುಖದುಃಖ ದೂರದಲ್ಲಿ ತೀರ್ಮಾನವಾಗುತ್ತದೆ. 2022ರಲ್ಲಿ ಭೂತಾನ್‌ನಿಂದ 17 ಸಾವಿರ ಟನ್ ಹಸಿ ಅಡಿಕೆ ತರಿಸಲು ಕೇಂದ್ರ ಅನುಮತಿ ಕೊಟ್ಟ ಸುದ್ದಿ ಬಂದದ್ದೇ ತಡ, ಮಂಡಿಗಳಲ್ಲಿ ಮುಖ ಬಾಡಿತು. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿದಾಗ ಉಸಿರಾಡಿದರು. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆ ಕತ್ತಿ ತಲೆಯ ಮೇಲೆ ತೂಗುತ್ತಲೇ ಇದೆ. ಚುನಾವಣೆ ಬಂದಾಗ ಎಲ್ಲ ಪಕ್ಷದವರೂ ಅಡಿಕೆಯ ಮಾನ ಕಾಪಾಡುತ್ತೇವೆ ಎನ್ನುತ್ತಾರೆ. ಅಡಿಕೆಯ ಜೊತೆಗೆ ಇನ್ನೇನು ಬೆಳೆಯಬಹುದು, ಅದನ್ನು ಕೊಳ್ಳುವವರು ಯಾರು ಎಂಬ ಮಾತನ್ನು ವೇದಿಕೆಯಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಮತ ಹೋಗುತ್ತದೆ.

ತೋಟ ಹೆಚ್ಚಿದಷ್ಟೂ ನಾಲೆಯ ಮೇಲ್ಭಾಗದಲ್ಲೇ ನೀರು ಉಳಿಯುತ್ತದೆ. ನಾಲೆಗೆ ಪಂಪ್‌ಸೆಟ್ ಇಟ್ಟು ಎತ್ತುವವರು ಒಂದು ಕಡೆ, ಮಲೆಬೆನ್ನೂರು–ಹರಿಹರ ಕಡೆಯ ಕೊನೆ ಭಾಗದ ಭತ್ತದ ರೈತರು ಇನ್ನೊಂದು ಕಡೆ. 'ನೀರು ಬಿಟ್ರಂತೇನ್ರಿ?' ಎಂಬುದು ಈ ಭಾಗದಲ್ಲಿ ಕುಶಲ ವಿಚಾರಿಸುವ ಮಾತು. 2023ರ ಆಗಸ್ಟ್‌ನಲ್ಲಿ ಹರಿಸಿದ ನೀರನ್ನು ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದಾಗ ನಾಟಿ ಮಾಡಿ ಕುಳಿತಿದ್ದ ರೈತರು ಬೀದಿಗಿಳಿದರು, ದಾವಣಗೆರೆ ಬಂದ್ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರ ಜೂನ್‌ನಲ್ಲಿ, ಬಲದಂಡೆ ನಾಲೆಯನ್ನು ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ಶುರುವಾದಾಗ ಮತ್ತೆ ಬೀದಿ, ಮತ್ತೆ ಬಂದ್. ಕುಡಿಯುವ ನೀರು ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ಕೊನೆ ಭಾಗಕ್ಕೆ ಇವತ್ತೇ ನೀರು ಮುಟ್ಟುತ್ತಿಲ್ಲ ಎಂಬುದೂ ಸುಳ್ಳಲ್ಲ. ಇಬ್ಬರೂ ನ್ಯಾಯವನ್ನೇ ಕೇಳುವ ಜಗಳವನ್ನು ಪೊಲೀಸ್ ಬಂದೋಬಸ್ತ್ ಬಗೆಹರಿಸದು.

ಒಂದು ಸಣ್ಣ ವಿವರ ಇಲ್ಲಿ ಹೇಳಬೇಕು. ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಹುಟ್ಟಿಸಿದವರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಮುಖ್ಯಮಂತ್ರಿ ಜೆ.ಎಚ್. ಪಟೇಲರು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ಜಗಳೂರು, ಹರಿಹರ, ದಾವಣಗೆರೆ, ಬಳ್ಳಾರಿಯಿಂದ ಹರಪನಹಳ್ಳಿ. ಮೂರು ಜಿಲ್ಲೆಗಳ ಅಂಚುಗಳನ್ನು ಹೊಲಿದು ಒಂದು ಜಿಲ್ಲೆ. ಆಡಳಿತ ಹತ್ತಿರ ಬಂತು ಎಂಬುದು ನಿಜ. ಆದರೆ ಭದ್ರಾ ನೀರನ್ನು ಯಾವತ್ತು ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬ ಸಭೆ ಇಂದಿಗೂ ನಡೆಯುವುದು ಶಿವಮೊಗ್ಗದ ಮಲವಗೊಪ್ಪದ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿಯಲ್ಲಿ. ನ್ಯಾಮತಿಯವರಿಗೆ ದೊಡ್ಡಾಸ್ಪತ್ರೆಗೂ ಸಂತೆ ಪೇಟೆಗೂ ಶಿವಮೊಗ್ಗವೇ ಹತ್ತಿರ, ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ದಾವಣಗೆರೆಗೆ ಹೋಗಬೇಕು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅಂಚಿನ ತಾಲ್ಲೂಕುಗಳನ್ನು ಕೂಡಿಸಿ ಕಟ್ಟಿದ ಜಿಲ್ಲೆಯಲ್ಲಿ ಅವು ಮತ್ತೆ ಅಂಚಿನಲ್ಲೇ ಉಳಿದವು. ಜಿಲ್ಲೆಯ ನಡುವೆ ದಾವಣಗೆರೆ ನಗರ ಬೆಳೆಯಿತು.

ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ 1957ರಲ್ಲೇ ಈ ಬಗೆಯ ಬೆಳವಣಿಗೆಯನ್ನು ವಿವರಿಸಿದ್ದರು. ಒಂದು ಪ್ರದೇಶ ಸ್ವಲ್ಪ ಮುಂದೆ ಹೋದರೆ ಸುತ್ತಲಿನ ಹಣ, ಓದಿದ ಹುಡುಗರು, ವ್ಯಾಪಾರ ಎಲ್ಲ ಅಲ್ಲಿಗೇ ಹರಿಯುತ್ತವೆ. ಹಿಂದುಳಿದದ್ದು ಹಿಂದುಳಿದಿದೆ ಎಂಬ ಕಾರಣಕ್ಕೇ ಇನ್ನಷ್ಟು ಹಿಂದುಳಿಯುತ್ತದೆ ಎಂಬುದು ಅವರ ವಾದದ ತಿರುಳು. ಸಂತೇಬೆನ್ನೂರಿನಿಂದಲೋ ಸವಳಂಗದಿಂದಲೋ ಬೆಂಗಳೂರು ಬಸ್ ಹತ್ತುವ ಹುಡುಗನಿಗೆ ಮಿರ್ಡಾಲ್ ಹೆಸರು ಬೇಕಿಲ್ಲ.

ಇನ್ನು ಜಗಳೂರು. ವರ್ಷಕ್ಕೆ ಐನೂರು ಚಿಲ್ಲರೆ ಮಿಲಿಮೀಟರ್ ಮಳೆ, ಅದೂ ಹೇಳಿದ ಕಾಲಕ್ಕೆ ಬರುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ಶೇಂಗಾ, ರಾಗಿ, ಅಕ್ಕಡಿ ಕಾಳುಗಳ ಜಾಗವನ್ನು ಮೆಕ್ಕೆಜೋಳ ಆಕ್ರಮಿಸಿಕೊಂಡಿದೆ. ಬಿಳಿಚೋಡು, ಸೊಕ್ಕೆ, ಅಸಗೋಡು ಕಡೆಯಿಂದ ಮಲೆನಾಡಿನ ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವುದು ಪ್ರತಿ ವರ್ಷದ ವ್ಯವಹಾರ. ಗಡಿಯಾಚೆಯ ಹರಪನಹಳ್ಳಿ, ಕೂಡ್ಲಿಗಿಗಳಿಗೆ ಸಂವಿಧಾನದ 371 ಜೆ ವಿಧಿಯಡಿ ಓದಿಗೂ ಉದ್ಯೋಗಕ್ಕೂ ಮೀಸಲಾತಿ ಇದೆ. ಅದೇ ಮಣ್ಣು, ಅದೇ ಮಳೆ, ಅದೇ ದಾರಿದ್ರ್ಯದ ಜಗಳೂರಿಗೆ ಇಲ್ಲ. ಹೈದರಾಬಾದ್ ಕರ್ನಾಟಕದ ಗೆರೆ ಹೀಗೆ ಬಿತ್ತು, ಅಷ್ಟೇ.

2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು; ನಮ್ಮ ನಾಲ್ಕೂ ಅದರಲ್ಲಿದ್ದವು. ಮೊದಲ ಕಂತಾಗಿ ರಾಜ್ಯ ಸರ್ಕಾರ ರೈತನಿಗೆ ಗರಿಷ್ಠ 2,000 ರೂಪಾಯಿ ಕೊಟ್ಟಿತು. ಕೇಂದ್ರದ 3,454 ಕೋಟಿ ಬಿಡುಗಡೆಯಾದದ್ದು ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ. ಅಷ್ಟರಲ್ಲಿ ಮುಂದಿನ ಮುಂಗಾರಿಗೆ ಬೀಜ ಕೊಳ್ಳುವ ಹೊತ್ತು. ಪರಿಹಾರದ ಲೆಕ್ಕ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಬರಗಾಲದಲ್ಲಿ ಅಧಿಕಮಾಸ ಎಂಬ ಗಾದೆ ಕಟ್ಟಿದವರು ಸರ್ಕಾರಿ ಕಡತದ ವೇಗ ನೋಡಿಯೇ ಕಟ್ಟಿರಬೇಕು.

ಜಗಳೂರಿಗೆ ಎರಡು ದೊಡ್ಡ ಆಸೆಗಳಿವೆ. ಒಂದು, ಸಿರಿಗೆರೆ ತರಳಬಾಳು ಶ್ರೀಗಳ ಒತ್ತಾಸೆಯಿಂದ ಬಂದ 57 ಕೆರೆ ತುಂಬಿಸುವ ಯೋಜನೆ. ಹರಿಹರ ತಾಲ್ಲೂಕಿನ ದೀಟೂರು ಬಳಿ ತುಂಗಭದ್ರೆಯಿಂದ ನೀರು ಎತ್ತಿ ತರುವುದು. ಕೆರೆಗೆ ನೀರು ಬಂದ ಊರುಗಳಲ್ಲಿ ಬತ್ತಿದ ಬೋರು ಮರುಜೀವ ಪಡೆಯುತ್ತದೆ. ನಾಲ್ಕು ತಾಲ್ಲೂಕುಗಳ ಕಥೆಯಲ್ಲಿ ಮನಸ್ಸು ತುಂಬಿ ಹೊಗಳಬಹುದಾದ ಕೆಲಸ ಇದೊಂದು. ಇನ್ನೊಂದು, ಭದ್ರಾ ಮೇಲ್ದಂಡೆ. ತುಂಗೆಯಿಂದ 17.40 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ಒಟ್ಟು 29.90 ಟಿಎಂಸಿ ಅಡಿಯನ್ನು ಅಜ್ಜಂಪುರದ ಸುರಂಗ ದಾಟಿಸಿ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿಯಲ್ಲಿ ಕೊಡುವ ಯೋಜನೆ. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣ ಬಂದಿಲ್ಲ ಎಂದು ರಾಜ್ಯ, ಕೊಡಲು ತೊಡಕಿದೆ ಎಂದು ಕೇಂದ್ರ, ವರ್ಷಗಳೇ ಕಳೆದವು. ಇದರ ಇನ್ನೊಂದು ಮುಖವನ್ನೂ ನೋಡಬೇಕು. ಭದ್ರೆಯ ಹಳೆಯ ಅಚ್ಚುಕಟ್ಟಿನ ಚನ್ನಗಿರಿ ರೈತನಿಗೆ ಮೇಲ್ದಂಡೆ ಎಂದರೆ ತನ್ನ ಪಾಲಿಗೆ ಕೈ ಹಾಕುವ ಯೋಜನೆ. ಜಗಳೂರಿನ ಪರಿಹಾರ ಚನ್ನಗಿರಿಯ ಭಯ. ಒಂದೇ ಜಿಲ್ಲೆಯ ಎರಡು ತಾಲ್ಲೂಕುಗಳನ್ನು ಕೂರಿಸಿ ಇಷ್ಟು ನಿಮಗೆ, ಇಷ್ಟು ಅವರಿಗೆ, ಕೊರತೆಯ ವರ್ಷ ಹೀಗೆ ಹಂಚಿಕೊಳ್ಳಿ ಎಂದು ಹೇಳುವ ಸಭೆಯೊಂದು ನಿಯಮವಾಗಿ ನಡೆಯುತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತಿತ್ತು.

ಬ್ರೆಜಿಲ್‌ನ ಈಶಾನ್ಯ ಭಾಗ ನೂರು ವರ್ಷ ಬರದ ಜೊತೆ ಹೀಗೇ ಒದ್ದಾಡಿತು. 1877ರಿಂದ ಮೂರು ವರ್ಷ ಕಾಡಿದ ಬರದಲ್ಲಿ ಅಲ್ಲಿ ಲಕ್ಷಾಂತರ ಜನ ಸತ್ತರು. 1909ರಲ್ಲಿ ಬರ ನಿವಾರಣೆಗೇ ಒಂದು ಇಲಾಖೆ ಹುಟ್ಟಿತು, ದೊಡ್ಡ ದೊಡ್ಡ ಅಣೆಕಟ್ಟೆಗಳಾದವು. ಅಣೆಕಟ್ಟೆಗಳು ಜಮೀನ್ದಾರರ ಹೊಲದ ಪಕ್ಕದಲ್ಲೇ ಆದವು, ಬಡವರಿಗೆ ಟ್ಯಾಂಕರ್ ನೀರು. ಟ್ಯಾಂಕರ್ ಯಾರ ಓಣಿಗೆ ಬರಬೇಕೆಂದು ತೀರ್ಮಾನಿಸುವವರು ಮತ ಕೇಳುವವರು. ಜನ ಅದನ್ನು ಬರದ ಉದ್ಯಮ ಎಂದೇ ಕರೆದರು. 2003ರಲ್ಲಿ ಅಲ್ಲಿನ ನಾಗರಿಕ ಸಂಘಟನೆಗಳ ಒಕ್ಕೂಟ ಬೇರೆ ದಾರಿ ಹಿಡಿಯಿತು. ಮನೆಯ ಪಕ್ಕ 16,000 ಲೀಟರ್ ಹಿಡಿಸುವ ಸಿಮೆಂಟಿನ ತೊಟ್ಟಿ, ಮಾಡಿನ ಮೇಲೆ ಬಿದ್ದ ಮಳೆ ಅದಕ್ಕೆ. ಹತ್ತು ಲಕ್ಷಕ್ಕೂ ಹೆಚ್ಚು ತೊಟ್ಟಿಗಳಾದವು. 2012ರಿಂದ ಐದಾರು ವರ್ಷ ಮತ್ತೆ ಭೀಕರ ಬರ ಬಿದ್ದಾಗ ಹಿಂದಿನಂತೆ ಜನ ಊರು ಬಿಟ್ಟು ಓಡಲಿಲ್ಲ. ತೊಟ್ಟಿಯೊಂದೇ ಕಾರಣವೆಂದು ನಾನು ಹೇಳಲಾರೆ, ಅಲ್ಲಿನ ಬಡವರಿಗೆ ನೇರವಾಗಿ ಹಣ ತಲುಪಿಸುವ ವ್ಯವಸ್ಥೆಯೂ ಆಗ ಇತ್ತು. ಮನೆಯ ಕುಡಿಯುವ ನೀರು ರಾಜಕಾರಣಿಯ ಕೈಯಿಂದ ತಪ್ಪಿದ್ದು ಮಾತ್ರ ದೊಡ್ಡ ಬದಲಾವಣೆ. ಫ್ಲೋರೈಡ್ ನೀರು ಕುಡಿಯುವ ಜಗಳೂರಿಗೆ ಇದಕ್ಕಿಂತ ಅಗ್ಗದ ಪಾಠ ಇನ್ನೆಲ್ಲಿ?

ಹೊನ್ನಾಳಿ–ನ್ಯಾಮತಿಯ ಕಥೆ ಸ್ವಲ್ಪ ವಿಚಿತ್ರ. ಹೊನ್ನಾಳಿ ಪಟ್ಟಣದ ಪಕ್ಕದಲ್ಲೇ ತುಂಗಭದ್ರೆ. ಮಲೆನಾಡಿನಲ್ಲಿ ಜೋರು ಮಳೆಯಾದರೆ ಬಾಲರಾಜಘಾಟ್ ಮನೆಗಳಿಗೆ ನೀರು, 2019ರ ಆಗಸ್ಟ್‌ನಲ್ಲಿ ಆದಂತೆ. ಅದೇ ವರ್ಷಗಳಲ್ಲಿ ಹೊಳೆಯಿಂದ ನಾಲ್ಕು ಮೈಲಿ ಆಚೆಯ ಬೆದ್ದಲಿನಲ್ಲಿ ಮೆಕ್ಕೆಜೋಳ ಒಣಗುತ್ತದೆ. ಗಾಜನೂರಿನಿಂದ ಹೊರಟ ತುಂಗಾ ಮೇಲ್ದಂಡೆ ನಾಲೆ ಈ ಸೀಮೆಯನ್ನು ಹಾದು ಹಾವೇರಿ ಜಿಲ್ಲೆಗೆ ಹೋಗುತ್ತದೆ. ನಾಲೆಗೆ ಜಮೀನು ಕೊಟ್ಟು, ನೀರು ಮುಂದೆ ಹೋಗುವುದನ್ನು ನೋಡುವ ಹಳ್ಳಿಗಳೂ ಇವೆ. ಹೊಳೆಯಲ್ಲಿ ಮರಳಿದೆ, ಮರಳಿಗೂ ಜಗಳ. ಮೆಕ್ಕೆಜೋಳಕ್ಕೆ ಬಂದರೆ, ಅಮೆರಿಕ ಮೂಲದ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ, 2018ರ ಮೇ ತಿಂಗಳಲ್ಲಿ. ಹುಳುವಿಗೆ ಔಷಧಿ ಹೊಡೆದು ಬೆಳೆ ಉಳಿಸಿಕೊಂಡರೆ ಬೆಲೆ ಇಲ್ಲ: 2025ರ ನವೆಂಬರ್‌ನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಕಾಗದದಲ್ಲಿತ್ತು, ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಯಿತು. ಮೊದಲ ಪ್ಯಾರಾದ ಚಿನ್ನ ಬ್ಯಾಂಕಿಗೆ ಹೋಗುವುದು ಇಂಥ ತಿಂಗಳುಗಳಲ್ಲೇ. ಬ್ಯಾಂಕು ಬಾಗಿಲು ತೆರೆಯದವರಿಗೆ ಮೈಕ್ರೋ ಫೈನಾನ್ಸ್ ಇದೆ. ಅದರ ವಸೂಲಿಗಾರರ ಕಾಟ ರಾಜ್ಯದ ತುಂಬ ಎಷ್ಟಾಯಿತೆಂದರೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಈಗ ರಾಜಕೀಯ. ಜನ ಸರಿಯಿಲ್ಲ, ಜಾತಿ ನೋಡಿ ಮತ ಹಾಕುತ್ತಾರೆ, ಅದಕ್ಕೇ ಹೀಗೆ ಎನ್ನುವವರು ಈ ಸಾಲು ನೋಡಬೇಕು. ಚನ್ನಗಿರಿ: 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಕಾಂಗ್ರೆಸ್. ಹೊನ್ನಾಳಿ: 2013ರಲ್ಲಿ ಕಾಂಗ್ರೆಸ್, 2018ರಲ್ಲಿ ಬಿಜೆಪಿ, 2023ರಲ್ಲಿ ಕಾಂಗ್ರೆಸ್. ಜಗಳೂರು: ಅದೇ. ನ್ಯಾಮತಿಗೆ ಸ್ವಂತ ಕ್ಷೇತ್ರವಿಲ್ಲ, ಅದು ಹೊನ್ನಾಳಿಯ ಜೊತೆ. ಮೂರೂ ಕ್ಷೇತ್ರಗಳು ಮೂರು ಚುನಾವಣೆಯಲ್ಲಿ ಒಟ್ಟಿಗೇ ಮಗ್ಗುಲು ಬದಲಿಸಿವೆ. ಮುಖ್ಯಮಂತ್ರಿಯಾಗಿ ಜಿಲ್ಲೆಯನ್ನೇ ಕೊಟ್ಟ ಪಟೇಲರನ್ನೂ 1999ರಲ್ಲಿ ಚನ್ನಗಿರಿ ಸೋಲಿಸಿತ್ತು. ಕಾಲೇಜೊಂದರಲ್ಲಿ ಜವಾನರಾಗಿ ದುಡಿದ ಬಿ. ದೇವೇಂದ್ರಪ್ಪ ಅವರನ್ನು 2023ರಲ್ಲಿ ಗೆಲ್ಲಿಸಿದ್ದೂ ಇದೇ ಜಗಳೂರು. ಶಾಸಕನನ್ನು ಶಿಕ್ಷಿಸುವುದರಲ್ಲಿ ಇಲ್ಲಿನ ಮತದಾರ ಹಿಂದೆ ಬಿದ್ದಿಲ್ಲ.

ಆದರೂ ಏಕೆ ಏನೂ ಬದಲಾಗುವುದಿಲ್ಲ? ಪ್ರತಿ ಐದು ವರ್ಷಕ್ಕೆ ಬರುವ ಹೊಸ ಶಾಸಕ ಹಳಬರ ಯೋಜನೆಯನ್ನು ಮುಂದುವರಿಸಿದರೆ ಹೆಸರು ಹಳಬರಿಗೆ. ಆದ್ದರಿಂದ ಹೊಸ ಶಂಕುಸ್ಥಾಪನೆ. ಹೂಳೆತ್ತುವುದು, ತೂಬು ದುರಸ್ತಿ, ಸೂಳೆಕೆರೆಯ ಗಡಿ ಅಳೆದು ಕಲ್ಲು ನೆಡುವುದು, ನಾಲೆಯ ಕೊನೆಯ ತೂಬಿನಲ್ಲಿ ನೀರಿನ ಮಟ್ಟ ಬರೆದಿಡುವುದು ಇವಕ್ಕೆ ರಿಬ್ಬನ್ ಕತ್ತರಿಸಲಾಗದು. ಜೊತೆಗೆ ಇಲ್ಲಿಂದ ಆರಿಸಿ ಹೋದವರ ಬೆಲೆ ರಾಜಧಾನಿಯ ಆಟದಲ್ಲಿ ಹೆಚ್ಚು. 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಜಗಳೂರು ಶಾಸಕ ಎಸ್.ವಿ. ರಾಮಚಂದ್ರ ರಾಜೀನಾಮೆ ಕೊಟ್ಟು 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದರು. 2010ರ ಅಕ್ಟೋಬರ್‌ನಲ್ಲಿ ಯಡಿಯೂರಪ್ಪ ಸರ್ಕಾರ ಅಲುಗಾಡಿದಾಗ ಬಂಡಾಯ ಶಾಸಕರನ್ನು ಕರೆದುಕೊಂಡು ಚೆನ್ನೈ ಸೇರಿದವರಲ್ಲಿ ಮುಂದಾಳು ಹೊನ್ನಾಳಿಯ ಸಚಿವ ಎಂ.ಪಿ. ರೇಣುಕಾಚಾರ್ಯ, ಕೆಲವೇ ದಿನಗಳಲ್ಲಿ ಅವರು ಮುಖ್ಯಮಂತ್ರಿ ಬಣಕ್ಕೆ ಮರಳಿದರು. ಆ ಬಂಡಾಯದಲ್ಲಿ ಅನರ್ಹಗೊಂಡ 16 ಮಂದಿ ಶಾಸಕರ ವಿಷಯ 2011ರ ಮೇನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ತೀರ್ಮಾನವಾಗುವವರೆಗೂ ರಾಜ್ಯದ ಆಡಳಿತ ತೂಗುಯ್ಯಾಲೆಯಲ್ಲಿತ್ತು. ಲೋಕಸಭೆಯ ಕಡೆ ನೋಡಿದರೆ 1996ರಿಂದ ದಾವಣಗೆರೆ ಸ್ಥಾನ ಎರಡು ಕುಟುಂಬಗಳ ನಡುವೆಯೇ ಓಡಾಡಿಕೊಂಡಿದೆ. 1967ರಲ್ಲಿ ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ ಪಟೇಲರ ನಾಡು ಇದು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಇಷ್ಟೆಲ್ಲದರ ಕೆಳಗೆ ಸಮಾಜ ಕುದಿಯದೇ ಇದ್ದೀತೆ? 2024ರ ಮೇ 24ರಂದು ಮಟ್ಕಾ ಆರೋಪದಲ್ಲಿ ಚನ್ನಗಿರಿ ಠಾಣೆಗೆ ಕರೆತಂದ ವ್ಯಕ್ತಿ ಸಾವಿಗೀಡಾದಾಗ ಅದು ಲಾಕಪ್ ಡೆತ್ ಎಂದು ಮನೆಯವರು ದೂರಿದರು. ರಾತ್ರಿ ಉದ್ರಿಕ್ತ ಗುಂಪು ಠಾಣೆಗೆ ನುಗ್ಗಿತು, ಹನ್ನೊಂದು ಪೊಲೀಸರು ಗಾಯಗೊಂಡರು, ವಾಹನಗಳು ಪುಡಿಯಾದವು. ಅಧಿಕಾರಿಗಳ ಅಮಾನತಾಯಿತು, ತನಿಖೆ ಸಿಐಡಿಗೆ ಹೋಯಿತು. ಎರಡು ದಿನ ಟಿ.ವಿ.ಗಳು ಇದನ್ನು ಕೋಮಿನ ಕನ್ನಡಕದಲ್ಲೇ ತೋರಿಸಿದವು. ನನಗೆ ಕಂಡದ್ದು ಬೇರೆ: ಠಾಣೆಯ ಮಾತನ್ನು ನಂಬುವವರೇ ಇಲ್ಲದ ಊರು, ಮತ್ತು ಬರದ ವರ್ಷದಲ್ಲಿ ಮಟ್ಕಾ ಚೀಟಿಯಲ್ಲಿ ಅದೃಷ್ಟ ಹುಡುಕುವ ಕೂಲಿಯವರು. ಇನ್ನೊಂದು ಕಡೆ ಲಂಬಾಣಿ ತಾಂಡಾಗಳಿವೆ. ಸೇವಾಲಾಲರ ಜನ್ಮಸ್ಥಳವೆಂದು ದೇಶದ ಬಂಜಾರರೆಲ್ಲ ಬರುವ ಸೂರಗೊಂಡನಕೊಪ್ಪ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ಹಂಚಿಕೆ 2025ರ ಆಗಸ್ಟ್‌ನಲ್ಲಿ ಶೇಕಡಾ 6, 6, 5 ಎಂದು ತೀರ್ಮಾನವಾದಾಗ ಲಂಬಾಣಿ, ಭೋವಿ ಸಮುದಾಯಗಳು ತಮಗೆ ಅನ್ಯಾಯವಾಯಿತೆಂದವು. ಮೂವತ್ತು ವರ್ಷ ಬೀದಿಯಲ್ಲಿ ನಿಂತು ಪಡೆದ ಮಾದಿಗ ಸಮುದಾಯಕ್ಕೆ ಅದು ತಡವಾಗಿ ಸಿಕ್ಕ ನ್ಯಾಯ. ಹೊಲದಲ್ಲಿ ದುಡಿಮೆ ಇಲ್ಲದ, ಕಾರ್ಖಾನೆಯೂ ಇಲ್ಲದ ಸೀಮೆಯಲ್ಲಿ ಸರ್ಕಾರಿ ನೌಕರಿಯ ಒಂದು ಶೇಕಡಾಕ್ಕೆ ಪ್ರಾಣದಷ್ಟು ಬೆಲೆ ಬರುತ್ತದೆ. ಜಾತಿಯ ಜಗಳ ಎಂದು ನಾವು ಕರೆಯುವುದರಲ್ಲಿ ಅರ್ಧ ಕೆಲಸದ ಜಗಳ.

ಎಲ್ಲವೂ ಕತ್ತಲೆ ಎಂದು ಬರೆದರೆ ಅದೂ ಸುಳ್ಳಾದೀತು. ಸೂಳೆಕೆರೆಯ ಸರ್ವೆ ಆಗಲಿ, ಒತ್ತುವರಿ ತೆರವಾಗಲಿ ಎಂದು ಚನ್ನಗಿರಿಯ ಯುವಕರು ಸಂಘ ಕಟ್ಟಿ ವರ್ಷಗಟ್ಟಲೆ ಕಚೇರಿ ಅಲೆದಿದ್ದಾರೆ. ಅಡಿಕೆ ಬೆಳೆಗಾರರು ತಮ್ಮ ಸಹಕಾರ ಸಂಘವನ್ನು ತಾವೇ ನಡೆಸುತ್ತಾರೆ. ಜಗಳೂರಿನಲ್ಲಿ ಕೊಂಡುಕುರಿಗೆಂದು ರಂಗಯ್ಯನದುರ್ಗದ ಕುರುಚಲು ಕಾಡನ್ನು ಉಳಿಸಿಕೊಂಡಿದ್ದಾರೆ. ಈ ಜನಕ್ಕೆ ಒಗ್ಗಟ್ಟು, ತಾಳ್ಮೆ ಎರಡೂ ಇವೆ. ಇಲ್ಲದಿರುವುದು ತಮ್ಮ ನೀರು, ಬೆಳೆ, ಗಡಿಗಳ ತೀರ್ಮಾನ ಆಗುವ ಕೋಣೆಯಲ್ಲಿ ಒಂದು ಕುರ್ಚಿ.

ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಬಾಗಿಲಿಗೆ ಬಂದು ಕೈಮುಗಿದವರನ್ನು ಹೊಸದೇನು ಕೊಡುತ್ತೀರಿ ಎಂದು ಕೇಳಬೇಡಿ. ಹಿಂದಿನವರು ಶುರು ಮಾಡಿದ ಯಾವ ಕೆಲಸವನ್ನು ಮುಗಿಸುತ್ತೀರಿ, ಯಾವ ತಿಂಗಳಿಗೆ, ಯಾವ ದುಡ್ಡಿನಲ್ಲಿ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.